ಕೀ ತಿರುಗಿತು, ಗಾಡಿ ಮಿಸುಕಲಿಲ್ಲ

ಬೆಳಗಿನ ಐದೂವರೆ. ಮೈಸೂರಿನ ನಮ್ಮ ಬೀದಿಯಲ್ಲಿ ಆರು ಜನ ಸೇರಿ ನನ್ನ ಹಳೆಯ ಮಾರುತಿ 800 ಕಾರನ್ನು ತಳ್ಳುತ್ತಿದ್ದರು. ಹಾಲಿಗೆ ಹೊರಟವರು ಇಬ್ಬರು, ವಾಕಿಂಗಿಗೆ ಬಂದವರು ಮೂವರು, ಪೇಪರ್ ಹಾಕುವ ಹುಡುಗ ಒಬ್ಬ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟ ನಮ್ಮತ್ತೆ, ಅವರ ಮಡಿಲಲ್ಲಿ ತೆಂಗಿನಕಾಯಿಯ ಚೀಲ. ನಂಜನಗೂಡಿನಲ್ಲಿ ಏಳೂವರೆಗೆ ಗೃಹಪ್ರವೇಶದ ಮುಹೂರ್ತ. ಗಾಡಿ ಸ್ವಲ್ಪ ವೇಗ ಹಿಡಿದೊಡನೆ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಒಮ್ಮೆ ಮುಗ್ಗರಿಸಿ ನಿಂತಿತು. ಇನ್ನೊಮ್ಮೆ ತಳ್ಳಿದರು, ಮತ್ತೆ ಅದೇ ಕಥೆ.

“ಬ್ಯಾಟರಿ ಹೋಗಿದೆ ಸಾರ್, ಅನುಮಾನವೇ ಬೇಡ” ಎಂದು ಎದುರುಮನೆಯವರು ತೀರ್ಪು ಕೊಟ್ಟರು. ಬ್ಯಾಟರಿ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಕೊನೆಗೆ ಆಟೋ ಹಿಡಿದು, ಬಸ್ಸು ಹಿಡಿದು, ಮುಹೂರ್ತ ಮುಗಿದ ಮೇಲೆ ಹೋಗಿ ಊಟಕ್ಕೆ ಕೂತೆವು.

ಮರುದಿನ ಆಟೋ ಎಲೆಕ್ಟ್ರಿಕಲ್ಸ್ ಅಂಗಡಿಯ ಮೇಸ್ತ್ರಿ ಬಂದರು. ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಮೊದಲು ಹಾರ್ನ್ ಒತ್ತಿದರು. ಗೇಟಿನ ಬಳಿ ಮಲಗಿದ್ದ ನಾಯಿ ಎದ್ದು ಓಡಿತು. ಹೆಡ್‌ಲೈಟ್ ಹಾಕಿದರು, ಎದುರಿನ ಗೋಡೆ ಬೆಳಗಿತು. ಆಮೇಲೆ ಕೀಯನ್ನು ಆನ್ ಮಾಡಿ, ಅದರಿಂದ ಜೋತುಬಿದ್ದಿದ್ದ ಗೊಂಚಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸಂದಿಗೆ ಮೂಗು ಹಿಡಿದು, “ನೀವೂ ನೋಡಿ ಸಾರ್” ಎಂದರು. ಕರಕಲಾದ ಪ್ಲಾಸ್ಟಿಕ್ಕಿನ ಘಾಟು.

“ತೊಟ್ಟಿ ತುಂಬ ನೀರಿದೆ, ನಲ್ಲಿ ಕೆಟ್ಟಿದೆ. ತಳ್ಳಿದ್ರೆ ಏನ್ ಬಂತು? ಕಾಯಿಲಿಗೇ ಕರೆಂಟ್ ಹೋಗ್ತಿಲ್ವಲ್ಲ” ಎಂದು ನಕ್ಕರು.

ಆ ಮಾತಿನಲ್ಲಿ ಇಡೀ ರೋಗಪರೀಕ್ಷೆ ಇತ್ತು. ತಳ್ಳಿದರೆ ಸೆಲ್ಫ್ ಮೋಟಾರಿನ ಕೆಲಸವನ್ನು ನಾವು ಮಾಡಿಕೊಟ್ಟ ಹಾಗೆ, ಅಷ್ಟೆ. ಪೆಟ್ರೋಲಿಗೆ ಕಿಡಿ ಹಾಕುವ ಇಗ್ನಿಷನ್ ಕಾಯಿಲಿಗೆ ಕರೆಂಟು ಬರಬೇಕಾದದ್ದು ಕೀಯ ಹಿಂದಿರುವ ಸ್ವಿಚ್ಚಿನಿಂದಲೇ. ಬ್ಯಾಟರಿ ಸುಸ್ತಾಗಿದ್ದರೆ ತಳ್ಳಿದ ಗಾಡಿ ಸಾಮಾನ್ಯವಾಗಿ ಏಳುತ್ತದೆ. ಸ್ವಿಚ್ಚು ಸತ್ತಿದ್ದರೆ ಬೀದಿಯ ಕೊನೆಯವರೆಗೆ ತಳ್ಳಿದರೂ ಏಳದು. ಆರು ಜನರ ಬೆವರು ಹರಿದ ಮೇಲೆ ನನಗೆ ಈ ವ್ಯತ್ಯಾಸ ತಿಳಿಯಿತು.

ಒಂದೇ ತೂತು, ಮೂರು ವಸ್ತು

ನಾವು ‘ಕೀ ಹಾಕುವ ಜಾಗ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಕಡೆ ಮೂರು ಬೇರೆ ಬೇರೆ ವಸ್ತುಗಳಿವೆ. ರಿಪೇರಿಯ ಖರ್ಚು, ಸಮಯ, ಜಗಳ ಎಲ್ಲವೂ ಇವನ್ನು ಬೇರ್ಪಡಿಸಿ ನೋಡದ ಕಾರಣಕ್ಕೇ ಹುಟ್ಟುತ್ತವೆ.

ಮೊದಲನೆಯದು ಬೀಗ. ಮೆಕ್ಯಾನಿಕ್ಕುಗಳು ಇದನ್ನು ಬ್ಯಾರೆಲ್ ಅನ್ನುತ್ತಾರೆ. ಹೆಬ್ಬೆರಳು ಗಾತ್ರದ ಉರುಳೆ. ಒಳಗೆ ಸ್ಪ್ರಿಂಗಿನ ಮೇಲೆ ಕೂತ ತೆಳ್ಳನೆಯ ಲೋಹದ ಬಿಲ್ಲೆಗಳು. ಸರಿಯಾದ ಕೀ ಒಳಗೆ ಹೋದಾಗ ಅದರ ಹಲ್ಲುಗಳು ಪ್ರತಿಯೊಂದು ಬಿಲ್ಲೆಯನ್ನೂ ಉರುಳೆಯ ಅಂಚಿನ ಮಟ್ಟಕ್ಕೆ ತಂದು ನಿಲ್ಲಿಸುತ್ತವೆ. ಎಲ್ಲ ಬಿಲ್ಲೆಗಳೂ ಮಟ್ಟವಾದರೆ ಉರುಳೆ ತಿರುಗುತ್ತದೆ. ಒಂದು ಹೊರಚಾಚಿದರೂ ತಿರುಗದು.

ಎರಡನೆಯದು ಸ್ಟೇರಿಂಗ್ ಲಾಕ್. ಬ್ಯಾರೆಲ್ ಕೂತಿರುವ ಎರಕದ ಗೂಡಿನೊಳಗೆ ಒಂದು ಗಟ್ಟಿ ಉಕ್ಕಿನ ಅಗುಳಿ ಇದೆ. ಕೀ ತೆಗೆದ ಮೇಲೆ ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಿದರೆ ಅದು ಸ್ಟೇರಿಂಗ್ ಕಾಲಮ್ಮಿನೊಳಗಿನ ದಂಡದ ಕಚ್ಚಿಗೆ ಬಿದ್ದು ಕೂರುತ್ತದೆ. ‘ಕಟಕ್’ ಎಂದು ಚಕ್ರ ಬಿಗಿಯುವುದು ಆಗಲೇ.

ಮೂರನೆಯದೇ ಇಗ್ನಿಷನ್ ಸ್ವಿಚ್. ಗೂಡಿನ ಹಿಂಬದಿಗೆ ಸಣ್ಣ ಸ್ಕ್ರೂವಿನಿಂದ ಕೂರಿಸಿದ, ನೋಡಲು ಏನೂ ಅನ್ನಿಸದ ಪ್ಲಾಸ್ಟಿಕ್ ಬಿಲ್ಲೆ. ಬ್ಯಾರೆಲಿನ ಹಿಂತುದಿಯ ಚಪ್ಪಟೆ ನಾಲಿಗೆ ಇದರ ನಡುವಿನ ಸೀಳಿನಲ್ಲಿ ಕೂತು ಇದನ್ನು ತಿರುಗಿಸುತ್ತದೆ. ವಿದ್ಯುತ್ತಿನ ಕೆಲಸವೆಲ್ಲ ಇದರದ್ದು.

ಕೀಗೆ ನಾಲ್ಕು ಹೆಜ್ಜೆ. ಲಾಕ್‌ನಲ್ಲಿ ಎಲ್ಲ ಬಂದ್. ಎಸಿಸಿಯಲ್ಲಿ ರೇಡಿಯೊದಂಥ ಚಿಲ್ಲರೆ ಸಾಮಾನುಗಳಿಗೆ ಕರೆಂಟು. ಆನ್‌ನಲ್ಲಿ ಕಾಯಿಲ್, ಮೀಟರುಗಳು, ವೈಪರ್, ಬ್ಲೋವರ್. ಸ್ಟಾರ್ಟ್‌ನಲ್ಲಿ ಸೆಲ್ಫ್ ಮೋಟಾರಿಗೆ ಹುಕುಂ ಹೋಗುತ್ತದೆ, ಜೊತೆಗೆ ಚಿಲ್ಲರೆ ಸಾಮಾನುಗಳ ಕರೆಂಟು ಆ ಕ್ಷಣಕ್ಕೆ ಕಡಿತವಾಗುತ್ತದೆ. ಸೆಲ್ಫ್ ಹೊಡೆಯುವಾಗ ರೇಡಿಯೊ ಬಾಯಿ ಮುಚ್ಚುವುದು ಇದಕ್ಕೇ: ಬ್ಯಾಟರಿಯ ಕಸುವೆಲ್ಲ ಮೋಟಾರಿಗೆ ಸಿಗಲಿ ಎಂದು. ಕೈಬಿಟ್ಟರೆ ಸ್ಪ್ರಿಂಗು ಕೀಯನ್ನು ಆನ್‌ಗೆ ವಾಪಸು ತರುತ್ತದೆ.

ಹ್ಯಾಂಡಲಿನಿಂದ ಕಾಲಮ್ಮಿಗೆ

ಕಾರನ್ನು ಕೀ ತಿರುಗಿಸಿ ಎಬ್ಬಿಸುವ ಸುಖ ಕಾರಿನಷ್ಟು ಹಳೆಯದಲ್ಲ. ಮೊದಮೊದಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ನಮ್ಮಲ್ಲೂ ಹಳೆಯ ಜೀಪು, ಲಾರಿ, ಅಂಬಾಸಿಡರುಗಳ ಮುಂದೆ ಹ್ಯಾಂಡಲ್ ಹಿಡಿದ ಕ್ಲೀನರುಗಳನ್ನು ಕಂಡವರು ಇನ್ನೂ ಇದ್ದಾರೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಆದರೂ ಕೀ ಬೇರೆ, ಸ್ಟಾರ್ಟರ್ ಬೇರೆಯಾಗಿಯೇ ಬಹುಕಾಲ ಉಳಿದವು: ಕೀಯಿಂದ ಕಾಯಿಲಿಗೆ ಕರೆಂಟು ಕೊಟ್ಟು, ಆಮೇಲೆ ಕಾಲಿನಿಂದಲೋ ಕೈಯಿಂದಲೋ ಒಂದು ಗುಂಡಿ ಒತ್ತಬೇಕು. ಕೀಯನ್ನು ಇನ್ನೊಂದಿಷ್ಟು ತಿರುಗಿಸಿದರೆ ಎಂಜಿನ್ನೇ ಏಳುವ ಏರ್ಪಾಟನ್ನು ಕ್ರೈಸ್ಲರ್ ಕಂಪನಿ 1949ರಲ್ಲಿ ತಂದಿತು.

ಆಗಲೂ ಕೀ ಇದ್ದದ್ದು ಡ್ಯಾಶ್‌ಬೋರ್ಡಿನ ಮೇಲೆ. ನಮ್ಮ ಹಳೆಯ ಅಂಬಾಸಿಡರಿನಲ್ಲೂ ಹಾಗೇ. ಅದನ್ನು ಸ್ಟೇರಿಂಗ್ ಕಾಲಮ್ಮಿಗೆ ಎಳೆದು ತಂದದ್ದು ಕಳ್ಳರು. ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿ ಎರಡು ತಂತಿ ಜೋಡಿಸಿದರೆ ಕಾರು ಅವರದ್ದಾಗುತ್ತಿತ್ತು. ಎಂಜಿನ್ ಎದ್ದರೂ ಚಕ್ರ ತಿರುಗದಂತೆ ಮಾಡಬೇಕೆಂದರೆ ಬೀಗ ಸ್ಟೇರಿಂಗ್ ದಂಡದ ಪಕ್ಕದಲ್ಲೇ ಇರಬೇಕು. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲೇ ಇಂಥ ಲಾಕನ್ನು ಕಡ್ಡಾಯ ಮಾಡಿತು. ಅಮೆರಿಕದ ಜನರಲ್ ಮೋಟರ್ಸ್ ತನ್ನ 1969ರ ಮಾದರಿಗಳಲ್ಲಿ ಕೀಯನ್ನು ಕಾಲಮ್ಮಿಗೆ ಸಾಗಿಸಿತು. 1970ರಿಂದ ಅಲ್ಲಿ ಕಳ್ಳತನ ತಡೆಯುವ ವ್ಯವಸ್ಥೆ ಕಾನೂನೇ ಆಯಿತು.

ನಮ್ಮ ದೇಶದ ಮಧ್ಯಮ ವರ್ಗದ ಕೈಗೆ ಅಂಥ ಕೀ ಬಂದ ದಿನ ಎಲ್ಲರಿಗೂ ಗೊತ್ತಿರುವಂಥದ್ದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಗ್ರಾಹಕರೊಬ್ಬರಿಗೆ ಮೊದಲ ಮಾರುತಿ 800ರ ಕೀ ಕೊಟ್ಟರು. 2014ರ ಜನವರಿಯಲ್ಲಿ ಈ ಕಾರಿನ ತಯಾರಿಕೆ ನಿಂತಿತು. ಆ ಮೂವತ್ತು ವರ್ಷಗಳಲ್ಲಿ ತಯಾರಾದವುಗಳಲ್ಲಿ ಇನ್ನೂ ಓಡುತ್ತಿರುವ ಒಂದೊಂದು ಕಾರಿನ ಸ್ವಿಚ್ಚೂ ಇಂದು ಮುಪ್ಪಿಗೆ ಬಂದಿದೆ.

ಹಿತ್ತಾಳೆಯ ಮೇಲಿನ ಮಸಿ

ಮೇಸ್ತ್ರಿ ಬಿಚ್ಚಿಕೊಟ್ಟ ಹಳೆಯ ಸ್ವಿಚ್ಚನ್ನು ಮನೆಗೆ ತಂದು, ಪೇಪರ್ ಹಾಸಿ, ಚಾಕುವಿನ ತುದಿಯಿಂದ ಅದರ ಮುಚ್ಚಳ ಎಬ್ಬಿಸಿದೆ. ಒಳಗೆ ಮೂರು ಹಿತ್ತಾಳೆಯ ತುಂಡುಗಳು, ಅವುಗಳ ಮೇಲೆ ಜಾರುತ್ತ ಸೇರುವ ಒಂದು ತಾಮ್ರದ ಸೇತುವೆ, ಅದರಡಿ ಎಳ್ಳುಕಾಳಿಗಿಂತ ತುಸು ದಪ್ಪನೆಯ ಸ್ಪ್ರಿಂಗು. ಕಂಪನಿಯವರು ಹಚ್ಚಿದ್ದ ಗ್ರೀಸು ಕರಗಿ, ಒಣಗಿ, ಡಾಂಬರಿನಂತಾಗಿತ್ತು. ಎರಡು ಹಿತ್ತಾಳೆಗಳ ಅಂಚು ಹೊಳೆಯುತ್ತಿದ್ದರೆ ಮೂರನೆಯದರ ಮೇಲೆ ಸೀಮೆಎಣ್ಣೆ ದೀಪದ ಚಿಮಣಿಗೆ ಹಿಡಿಯುವಂಥ ಮಸಿ. ಅದರ ಸುತ್ತಲ ಪ್ಲಾಸ್ಟಿಕ್ ಮೆತ್ತಗಾಗಿ ತಗ್ಗಿತ್ತು. ಹೀಗೆ ತಗ್ಗಿದಾಗ ಹಿತ್ತಾಳೆ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಸೇತುವೆ ಅದನ್ನು ಗಟ್ಟಿಯಾಗಿ ಮುಟ್ಟದು. ಕೀ ಅಲ್ಲಾಡಿಸಿದಾಗ ದೀಪ ಹೊತ್ತಿ ಆರಿದ್ದು ಈ ಕೂದಲೆಳೆಯ ಆಟದಿಂದ.

ಕಾರಣ ಶಾಲೆಯಲ್ಲಿ ಓದಿದ ಲೆಕ್ಕವೇ. ಸೆಲ್ಫ್ ಮೋಟಾರ್ ಎಳೆಯುವ ನೂರು ಆಂಪಿಯರ್ ಮೀರಿದ ಕರೆಂಟು ಈ ಸ್ವಿಚ್ಚಿನೊಳಗೆ ಬರುವುದಿಲ್ಲ. ಅದಕ್ಕೆ ಬ್ಯಾಟರಿಯಿಂದ ದಪ್ಪ ಕೇಬಲಿನ ರಾಜಮಾರ್ಗವಿದೆ. ಆದರೆ ಆನ್ ಸ್ಥಾನದಲ್ಲಿ ಕಾಯಿಲ್, ವೈಪರ್, ಬ್ಲೋವರ್ ಎಲ್ಲ ಸೇರಿ ಹತ್ತಾರು ಆಂಪಿಯರ್ ಇದರಲ್ಲೇ ಹಾಯುತ್ತವೆ. ಸ್ಟಾರ್ಟರ್ ರಿಲೇ ಇಲ್ಲದ ಹಳೆಯ ಗಾಡಿಗಳಲ್ಲಿ ಸೆಲ್ಫಿನ ಸೊಲೆನಾಯ್ಡಿಗೆ ಬೇಕಾದ ಕರೆಂಟೂ ಇದರ ತಲೆಗೇ. ಮಸಿ ಹಿಡಿದು ಕೇವಲ 0.1 ಓಮ್ ತಡೆ ಉಂಟಾಯಿತು ಅನ್ನಿ. 10 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, 10 ವ್ಯಾಟ್ ಶಾಖ ಹುಟ್ಟುತ್ತದೆ. ಪಾರ್ಕಿಂಗ್ ಲೈಟಿನ ಎರಡು ಬಲ್ಬುಗಳನ್ನು ಒಂದು ಬೆಂಕಿಪೊಟ್ಟಣದೊಳಗೆ ಉರಿಸಿಟ್ಟ ಹಾಗೆ. ಶಾಖದಿಂದ ಸ್ಪ್ರಿಂಗು ಸಡಿಲ, ಸಡಿಲದಿಂದ ಕಿಡಿ, ಕಿಡಿಯಿಂದ ಇನ್ನಷ್ಟು ಮಸಿ, ಮಸಿಯಿಂದ ಮತ್ತೆ ಶಾಖ.

ಇದಕ್ಕೆ ನಾವೂ ಉಪ್ಪು ಖಾರ ಹಾಕುತ್ತೇವೆ. ನನ್ನ ಕಾರಿನ ಕಾಲಮ್ಮಿನ ಮುಚ್ಚಳ ತೆಗೆದಾಗ ಸ್ವಿಚ್ಚಿನಿಂದ ಹೊರಬರುವ ಒಂದೇ ತಂತಿಯ ಚರ್ಮ ಸುಲಿದು, ಇನ್ಸುಲೇಷನ್ ಟೇಪು ಸುತ್ತಿ, ಮೂರು ಬೇರೆ ತಂತಿಗಳನ್ನು ಜೋಡಿಸಲಾಗಿತ್ತು. ಒಂದು ಮ್ಯೂಸಿಕ್ ಸಿಸ್ಟಮ್ಮಿನದು, ಒಂದು ಫಾಗ್ ಲ್ಯಾಂಪಿನದು, ಮೂರನೆಯದು ಹಿಂದಿನ ಮಾಲೀಕರ ಕಾಲದ್ದು, ಎಲ್ಲಿಗೂ ಹೋಗದೆ ನಡುವೆಯೇ ಕಡಿದುಬಿದ್ದದ್ದು. ಒಬ್ಬಳೇ ಸೊಸೆಯ ಮೇಲೆ ಮನೆಯ ಕೆಲಸವೆಲ್ಲ ಹೇರಿದಂತೆ. ಮೊದಲಿಗಿಂತ ಹೆಚ್ಚು ಕರೆಂಟು ತಿನ್ನುವ ಸಾಮಾನು ಹಾಕಿಸುವುದಾದರೆ ಅದಕ್ಕೆ ಬ್ಯಾಟರಿಯಿಂದ ನೇರವಾಗಿ, ಫ್ಯೂಸು ಮತ್ತು ರಿಲೇ ಇಟ್ಟು ಲೈನು ಎಳೆಯಬೇಕು. ಆಗ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ.

ಯಾರು ತಪ್ಪಿತಸ್ಥ?

ಹೊಸದನ್ನು ಕೊಳ್ಳುವ ಮೊದಲು ಬೀಗ, ಸ್ಟೇರಿಂಗ್ ಲಾಕ್, ಸ್ವಿಚ್ಚು ಈ ಮೂವರಲ್ಲಿ ಯಾರು ಕೆಟ್ಟಿದ್ದಾರೆ ಎಂದು ಗೊತ್ತುಮಾಡಿಕೊಳ್ಳಬೇಕು.

ಕೀ ಒಳಗೆ ಹೋಗುತ್ತದೆ, ತಿರುಗುವುದಿಲ್ಲ ಅಂದರೆ ದೂರು ಬೀಗದ ಮೇಲೆ. ಮೊದಲು ಸ್ಟೇರಿಂಗನ್ನು ಎರಡೂ ಕಡೆಗೆ ಅಲ್ಲಾಡಿಸುತ್ತ ತಿರುಗಿಸಿ ನೋಡಿ; ಓರೆಯಾಗಿ ನಿಲ್ಲಿಸಿದ ಗಾಡಿಯ ಚಕ್ರದ ಒತ್ತಡ ಅಗುಳಿಯನ್ನು ಹಿಡಿದಿಟ್ಟುಕೊಂಡಿರಬಹುದು. ಅದಕ್ಕೂ ಜಗ್ಗದಿದ್ದರೆ ಸವೆದಿರುವುದು ಕೀಯೋ ಬಿಲ್ಲೆಯೋ ನೋಡಬೇಕು. ಹಳೆಯ ಕಾರಿನ ಕೀ ಹೆಚ್ಚಾಗಿ ನಕಲಿನ ನಕಲು. ಸವೆದ ಕೀಯನ್ನು ಅಚ್ಚಿಟ್ಟು ಹೊಸದು ಕತ್ತರಿಸಿದರೆ ಸವೆತವೂ ನಕಲಾಗುತ್ತದೆ. ಕಂಪನಿಯ ಕೀ ಜೊತೆ ಬಂದ ಪುಟ್ಟ ಬಿಲ್ಲೆಯ ಮೇಲಿನ ನಂಬರು ಎಲ್ಲಾದರೂ ಉಳಿದಿದ್ದರೆ ಅದರ ಪ್ರಕಾರ ಕತ್ತರಿಸಿದ ಕೀ ಹೊಸದರಂತೆ ತಿರುಗುತ್ತದೆ. ಬೀಗಕ್ಕೆ ಎಂಜಿನ್ ಆಯಿಲ್ ಬಿಡುವ ಚಟ ಬೇಡ. ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು.

ಕೀ ಸಲೀಸಾಗಿ ತಿರುಗುತ್ತದೆ, ಆದರೆ ದೀಪಗಳು ಮಿಣುಕುತ್ತವೆ, ಓಡುತ್ತಿದ್ದ ಗಾಡಿ ಹಂಪ್ ಹಾರಿದಾಗ ಒಮ್ಮೆ ಕೆಮ್ಮುತ್ತದೆ, ಸೆಲ್ಫ್ ಹತ್ತು ಸಲಕ್ಕೆ ಒಮ್ಮೆ ಮೌನ ವಹಿಸುತ್ತದೆ ಅಂದರೆ ದೂರು ಸ್ವಿಚ್ಚಿನ ಮೇಲೆ. ಹಳೆಯ ಕೆಲವು ಕಾರುಗಳಲ್ಲಿ ಇನ್ನೊಂದು ಸೊಗಸಾದ ಲಕ್ಷಣವಿದೆ: ಸೆಲ್ಫ್ ಹೊಡೆಯುವಷ್ಟು ಹೊತ್ತು ಎಂಜಿನ್ ಏಳುತ್ತದೆ, ಕೈಬಿಟ್ಟೊಡನೆ ಸಾಯುತ್ತದೆ. ಅಂಥವುಗಳಲ್ಲಿ ಸ್ಟಾರ್ಟ್ ಸ್ಥಾನದಲ್ಲಿ ಕಾಯಿಲಿಗೆ ಬೇರೆ ದಾರಿಯಿಂದ ಕರೆಂಟು ಬರುತ್ತದೆ. ಆನ್ ಸ್ಥಾನದ ದಾರಿ ಮುಚ್ಚಿಹೋಗಿರುತ್ತದೆ.

ಗಟ್ಟಿ ಸಾಕ್ಷಿ ಬೇಕಿದ್ದರೆ ಮಲ್ಟಿಮೀಟರ್ ಹಿಡಿಯಬೇಕು. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಆಮೇಲೆ ಕೀ ಆನ್ ಮಾಡಿ, ಬ್ಲೋವರ್, ವೈಪರ್ ಹಾಕಿ, ಸ್ವಿಚ್ಚಿಗೆ ಹೋಗುವ ತಂತಿಗೂ ಅದರಿಂದ ಬರುವ ತಂತಿಗೂ ಮೀಟರಿನ ಎರಡು ಕಡ್ಡಿ ಮುಟ್ಟಿಸಿ. ಸ್ವಿಚ್ಚು ಚೆನ್ನಾಗಿದ್ದರೆ ವ್ಯತ್ಯಾಸ ಸೊನ್ನೆಯ ಹತ್ತಿರವೇ ಇರುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಒಳಗೆ ಮಸಿ ಇದೆ ಎಂದೇ ಅರ್ಥ. ಭಾರ ಹಾಕದೆ ಅಳೆದರೆ ಮೋಸಹೋಗುತ್ತೀರಿ; ಕರೆಂಟು ಹರಿಯದಿದ್ದರೆ ಸೋರಿಕೆಯೂ ಕಾಣದು.

ನನ್ನ ಕಾರಿನಲ್ಲಿ ಮೂರರಲ್ಲಿ ಎರಡು ಸೋತಿದ್ದವು. ಸ್ವಿಚ್ಚು ಸುಟ್ಟಿತ್ತು, ಬ್ಯಾರೆಲ್ ಎಷ್ಟು ಸವೆದಿತ್ತೆಂದರೆ ಗಾಡಿ ಓಡುತ್ತಿರುವಾಗಲೇ ಕೀ ಎಳೆದು ತೆಗೆಯಬಹುದಿತ್ತು. “ಬರೀ ಸ್ವಿಚ್ ಹಾಕಿದ್ರೆ ಇನ್ನು ಆರು ತಿಂಗಳಿಗೆ ಮತ್ತೆ ಫೋನ್ ಮಾಡ್ತೀರಿ. ಪೂರ್ತಿ ಸೆಟ್ ತಂದುಬಿಡಿ ಸಾರ್” ಎಂದರು ಮೇಸ್ತ್ರಿ. ಸೆಟ್ ಅಂದರೆ ಇಗ್ನಿಷನ್ ಲಾಕ್, ಎರಡು ಬಾಗಿಲಿನ ಬೀಗ, ಎಲ್ಲಕ್ಕೂ ಒಂದೇ ಕೀ. ಇಗ್ನಿಷನ್ ಒಂದನ್ನೇ ಬದಲಿಸಿದರೆ ಬಾಗಿಲಿಗೊಂದು ಕೀ, ಸ್ಟೇರಿಂಗಿಗೊಂದು ಕೀ ಆಗಿ ಮಳೆಯಲ್ಲಿ ನಿಂತು ತಡಕಾಡಬೇಕಾಗುತ್ತದೆ.

ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಹುಡುಕಿದೆ. ಹಳೆಯದನ್ನು ಪೇಪರಿನಲ್ಲಿ ಸುತ್ತಿ ಒಯ್ದಿದ್ದು ಒಳ್ಳೆಯದಾಯಿತು. ಒಂದೇ ಮಾದರಿಯ ಕಾರಿನಲ್ಲೂ ವರ್ಷ ಬದಲಾದಂತೆ ಹಿಂದಿನ ಕನೆಕ್ಟರ್ ಬದಲಾಗುತ್ತದೆ. ಬಾಯಿಮಾತಿನಲ್ಲಿ ಹೇಳಿ ಕೊಂಡರೆ ಮನೆಗೆ ಬಂದ ಮೇಲೆ ಪಿನ್ನು ಕೂರದು. ಅಂಗಡಿಯಲ್ಲೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ತಂತಿಗಳ ಸಂಖ್ಯೆ, ಕನೆಕ್ಟರಿನ ಆಕಾರ, ಬೋಲ್ಟಿನ ತೂತು ಹೋಲಿಸಿ ಕೊಂಡೆ.

ತಲೆ ಮುರಿದುಕೊಳ್ಳುವ ಬೋಲ್ಟು

ಕೆಲಸ ಶುರುವಾದದ್ದು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದರಿಂದ. ಸ್ವಿಚ್ಚಿಗೆ ಬರುವ ಮುಖ್ಯ ತಂತಿಯಲ್ಲಿ ಕೀ ಇಲ್ಲದಾಗಲೂ ಕರೆಂಟು ಇರುತ್ತದೆ. ಸ್ಪ್ಯಾನರ್ ತಗುಲಿದರೆ ಅಲ್ಲೇ ದೀಪಾವಳಿ. ನನ್ನ 800ರಲ್ಲಿ ಏರ್‌ಬ್ಯಾಗ್ ಇಲ್ಲ. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಸುಮ್ಮನೆ ಕಾಯಬೇಕು. ಒಳಗೆ ಉಳಿದ ವಿದ್ಯುತ್ತು ಇಳಿಯದೆ ಸ್ಟೇರಿಂಗಿನ ಹಳದಿ ಕನೆಕ್ಟರಿಗೆ ಕೈ ಹಾಕಬಾರದು. ಅಂಥ ಕಾರುಗಳ ಕೆಲಸ ತಿಳಿದವರಿಗೇ ಬಿಡುವುದು ಮೇಲು.

ಕಾಲಮ್ಮಿನ ಕೆಳಗಿನ ಸ್ಕ್ರೂಗಳನ್ನು ಬಿಚ್ಚಿ ಎರಡು ಹೋಳಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರು. ಇಷ್ಟು ವರ್ಷ ಬಿಸಿಲಲ್ಲಿ ಬೆಂದ ಪ್ಲಾಸ್ಟಿಕ್ ಹಪ್ಪಳದಂತೆ. ಎಳೆದರೆ ಮುರಿಯುತ್ತದೆ, ಸಂದಿಯಲ್ಲಿ ಬೆರಳು ಆಡಿಸಿ ಬಿಡಿಸಬೇಕು. ತಂತಿಗಳ ಬಣ್ಣ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಲು ಹೇಳಿದರು. ಕನೆಕ್ಟರಿನ ಕಿವಿ ಒತ್ತಿ ಬಿಚ್ಚಿದರು. ತಂತಿ ಹಿಡಿದು ಎಳೆಯುವ ಶಿಷ್ಯನಿಗೆ ಒಂದು ಗದರಿಕೆಯೂ ಬಿತ್ತು.

ಸ್ವಿಚ್ಚು ಮಾತ್ರ ಬದಲಿಸುವುದಾಗಿದ್ದರೆ ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಹಿಂದಿನ ಸ್ಕ್ರೂ ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ಒತ್ತುವುದು. ಒಂದೇ ಎಚ್ಚರ: ಬ್ಯಾರೆಲಿನ ನಾಲಿಗೆ ಮತ್ತು ಸ್ವಿಚ್ಚಿನ ಸೀಳು ಎರಡೂ ಒಂದೇ ಹೆಜ್ಜೆಯಲ್ಲಿರಬೇಕು. ಕೀ ಲಾಕ್‌ನಲ್ಲಿ, ಸ್ವಿಚ್ಚು ಆನ್‌ನಲ್ಲಿ ಇಟ್ಟು ಬಲವಂತವಾಗಿ ಕೂರಿಸಿದರೆ ಹೊಸದೂ ಮುರಿಯುತ್ತದೆ.

ಇಡೀ ಗೂಡನ್ನು ತೆಗೆಯುವುದೇ ನಿಜವಾದ ಕುಸ್ತಿ. ಕಾಲಮ್ಮಿಗೆ ಅದನ್ನು ಹಿಡಿದಿರುವ ಎರಡು ಬೋಲ್ಟುಗಳಿಗೆ ತಲೆಯೇ ಇಲ್ಲ! ಬಟ್ಟಲಿನಂತೆ ನುಣುಪಾದ ಮೊಂಡುಗಳು. ಯಾವ ಪಾನಾ ಹಾಕುವುದು? ಇದೇ ಕಳ್ಳನಿಗೆ ಒಡ್ಡಿದ ಸವಾಲು. ಫ್ಯಾಕ್ಟರಿಯಲ್ಲಿ ಈ ಬೋಲ್ಟುಗಳಿಗೆ ತಲೆ ಇರುತ್ತದೆ; ಬಿಗಿಯುತ್ತ ಬಿಗಿಯುತ್ತ ಒಂದು ಹಂತ ಬಂದಾಗ ಕುತ್ತಿಗೆ ಸೀಳಿ ತಲೆ ಕಳಚಿ ಬೀಳುವಂತೆ ಅವನ್ನು ಮಾಡಿರುತ್ತಾರೆ. ಒಮ್ಮೆ ಬಿಗಿದವನೂ ಸುಲಭವಾಗಿ ಬಿಚ್ಚಲಾರ.

ಮೇಸ್ತ್ರಿ ಡ್ಯಾಶ್‌ಬೋರ್ಡಿನ ಅಡಿಯ ಬೋಲ್ಟುಗಳನ್ನು ಸಡಿಲಿಸಿ ಕಾಲಮ್ಮನ್ನು ಕೆಳಗಿಳಿಸಿಕೊಂಡರು. ಮೊಂಡಿನ ಅಂಚಿಗೆ ಸೆಂಟರ್ ಪಂಚನ್ನು ಓರೆಯಾಗಿ ಇಟ್ಟು, ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು, ಬೋಲ್ಟು ಬಿಚ್ಚುವ ದಿಕ್ಕಿಗೆ ತಟ್ಟತೊಡಗಿದರು. ಅಕ್ಕಸಾಲಿಗ ತಾಳಿ ತಟ್ಟುವಷ್ಟು ಮೃದು. ಹದಿನೈದು ಇಪ್ಪತ್ತು ಪೆಟ್ಟು ಬಿದ್ದ ಮೇಲೆ ಮೊಂಡು ಕೂದಲಷ್ಟು ತಿರುಗಿತು. “ಬಂತು ನೋಡಿ” ಎಂದು ಉಸಿರು ಬಿಟ್ಟರು. ಜೋರಾಗಿ ಹೊಡೆದರೆ ಆಗುವುದಿಲ್ಲವೇ ಎಂದೆ. “ಕಾಲಮ್ಮು ಕಂಬ ಅಲ್ಲ ಸಾರ್” ಎಂದರು. ಮಾತು ನಿಜ. ಅಪಘಾತದಲ್ಲಿ ಸ್ಟೇರಿಂಗು ಚಾಲಕನ ಎದೆಗೆ ಈಟಿಯಾಗದಿರಲಿ ಎಂದು ಅನೇಕ ಕಾರುಗಳ ಕಾಲಮ್ಮನ್ನು ಒಳಕ್ಕೆ ಕುಸಿಯುವಂತೆ ಮಾಡಿರುತ್ತಾರೆ. ಉದ್ದಕ್ಕೆ ಸುತ್ತಿಗೆ ಬೀಸಿದರೆ ಆ ಏರ್ಪಾಟೇ ಹಾಳು. ಲಾಕಿನ ಗೂಡೂ ಎರಕದ್ದು. ಅಡ್ಡಾದಿಡ್ಡಿ ಪೆಟ್ಟಿಗೆ ಬಿರುಕು ಬಿಡುತ್ತದೆ.

ಹೊಸದನ್ನು ಕೂರಿಸುವಾಗ ಒಂದು ಕ್ರಮವಿದೆ, ಅದನ್ನು ತಪ್ಪಿಸಬಾರದು. ಸ್ಟೇರಿಂಗ್ ದಂಡದ ಕಚ್ಚು ಕಾಲಮ್ಮಿನ ತೂತಿನ ಎದುರಿಗೆ ಬರಬೇಕು. ಕೀಯನ್ನು ಆನ್‌ನಲ್ಲಿ ಇಟ್ಟು, ಅಂದರೆ ಅಗುಳಿ ಒಳಗೆ ಎಳೆದುಕೊಂಡಿರುವಾಗ, ಗೂಡನ್ನು ಕೂರಿಸಬೇಕು. ಬೋಲ್ಟುಗಳನ್ನು ಬೆರಳಲ್ಲಿ ಮಾತ್ರ ಬಿಗಿದು, ಕೀ ತೆಗೆದು, ಸ್ಟೇರಿಂಗ್ ಲಾಕ್ ಆಗುತ್ತದೆಯೇ ನೋಡಬೇಕು. ಸರಿಯಾಗಿ ಬಿದ್ದ ಮೇಲೆಯೇ ಬೋಲ್ಟಿನ ತಲೆ ಮುರಿಯುವವರೆಗೆ ಬಿಗಿಯುವುದು. ‘ಟಪ್’ ಎಂದು ಎರಡು ತಲೆಗಳು ಮ್ಯಾಟಿನ ಮೇಲೆ ಬಿದ್ದವು. ಕೊನೆಯದಾಗಿ ಮತ್ತೆ ಕೀ ಆನ್ ಮಾಡಿ, ಸ್ಟೇರಿಂಗನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ಎರಡು ಸಲ ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಾತ್ರಿ ಮಾಡಿಕೊಂಡರು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಮಾಡದೆ ಬಿಟ್ಟರೆ ತಿರುವಿನಲ್ಲಿ ಅಗುಳಿ ಬಿದ್ದೀತು.

ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದರು. ಅರ್ಧ ಸುತ್ತಿಗೇ ಗಾಡಿ ಎದ್ದಿತು. ಮುಚ್ಚಳ ಹಾಕುವ ಮೊದಲು ಹತ್ತು ನಿಮಿಷ ಹಾಗೇ ಓಡಿಸಿ, ಬ್ಲೋವರ್, ವೈಪರ್ ಎಲ್ಲ ಹಾಕಿ, ಕನೆಕ್ಟರನ್ನು ಮುಟ್ಟಿ ನೋಡಿದರು. ತಣ್ಣಗಿತ್ತು. ಕನೆಕ್ಟರ್ ಸುಟ್ಟಿದ್ದರೆ ಅದನ್ನೂ ಬದಲಿಸಬೇಕಿತ್ತು. ಸಡಿಲ ಪಿನ್ನು ಹೊಸ ಸ್ವಿಚ್ಚನ್ನೂ ಸುಡುತ್ತದೆ.

ಇನ್ನೊಂದು ಮಾತು. ಕೀಯ ತಲೆಯಲ್ಲಿ ಚಿಪ್ ಇರುವ, ಇಮ್ಮೊಬಿಲೈಸರ್ ಉಳ್ಳ ಕಾರುಗಳಲ್ಲಿ ಸ್ವಿಚ್ಚು ಬದಲಿಸಿದರೆ ತೊಂದರೆಯಿಲ್ಲ. ಬೀಗದ ಜೊತೆ ಕೀಯೂ ಬದಲಾದರೆ ಹೊಸ ಚಿಪ್ಪಿನ ಗುರುತನ್ನು ಕಾರಿನ ಕಂಪ್ಯೂಟರಿಗೆ ಕಲಿಸಬೇಕು. ಇಲ್ಲದಿದ್ದರೆ ಸೆಲ್ಫ್ ಹೊಡೆದರೂ ಎಂಜಿನ್ ಏಳದು.

ಗೊಂಚಲಿನ ಭಾರ

ಇಷ್ಟು ಚಿಕ್ಕ ಸಾಮಾನಿಗೆ ಇಷ್ಟೊಂದು ಮಾತೇಕೆ ಎನ್ನುವವರಿಗೆ ಎರಡು ಪ್ರಸಂಗ ಹೇಳಬೇಕು. 1996ರಲ್ಲಿ ಫೋರ್ಡ್ ಕಂಪನಿ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 87 ಲಕ್ಷ ಗಾಡಿಗಳನ್ನು ವಾಪಸು ಕರೆಸಿತು. ಇಗ್ನಿಷನ್ ಸ್ವಿಚ್ಚಿನೊಳಗೆ ಶಾರ್ಟ್ ಆಗಿ ಸ್ಟೇರಿಂಗ್ ಕಾಲಮ್ಮಿಗೆ ಬೆಂಕಿ ಹತ್ತುವ ಅಪಾಯವಿತ್ತು. ನಿಲ್ಲಿಸಿಟ್ಟ ಕಾರೂ ಹೊತ್ತಿಕೊಳ್ಳಬಹುದಿತ್ತು, ಏಕೆಂದರೆ ಆ ಮುಖ್ಯ ತಂತಿಯಲ್ಲಿ ಸದಾ ಕರೆಂಟು.

ಎರಡನೆಯದು ಇನ್ನೂ ಕಹಿ. 2014ರಲ್ಲಿ ಜನರಲ್ ಮೋಟರ್ಸ್ ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಸುಮಾರು 26 ಲಕ್ಷ ಕಾರುಗಳ ಸ್ವಿಚ್ಚು ಬದಲಿಸಲು ಹೊರಟಿತು. ಕೀ ತಿರುಗಿಸುವಾಗ ಕೈಗೆ ‘ಟಕ್’ ಎಂದು ತಿಳಿಯುತ್ತದಲ್ಲ, ಒಂದು ಸ್ಪ್ರಿಂಗು ಪುಟ್ಟ ಮೊಳೆಯನ್ನು ಗುಳಿಗೆ ಒತ್ತಿ ಕೂರಿಸುವ ಅನುಭವ ಅದು. ಆ ಕಾರುಗಳಲ್ಲಿ ಆ ಹಿಡಿತ ತೀರ ಸಡಿಲ. ಗೊಂಚಲಿನ ಭಾರಕ್ಕೋ, ಮೊಣಕಾಲು ತಗುಲಿಯೋ, ಗುಂಡಿಯ ಕುಲುಕಾಟಕ್ಕೋ ಕೀ ಆನ್‌ನಿಂದ ಎಸಿಸಿಗೆ ಜಾರುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ಆರುತ್ತಿತ್ತು, ಪವರ್ ಸ್ಟೇರಿಂಗ್ ಕೈಕೊಡುತ್ತಿತ್ತು, ಡಿಕ್ಕಿಯಾದಾಗ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. ಕಂಪನಿಯೇ ಸ್ಥಾಪಿಸಿದ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು. 2015ರಲ್ಲಿ ಕಂಪನಿ ಅಮೆರಿಕ ಸರ್ಕಾರಕ್ಕೆ 90 ಕೋಟಿ ಡಾಲರ್ ದಂಡ ತೆತ್ತಿತು.

ಮನಸ್ಸಿಗೆ ನಾಟುವ ಸಂಗತಿ ಮತ್ತೊಂದಿದೆ. ಆ ಸ್ವಿಚ್ಚಿನ ಮೊಳೆಯನ್ನು ಕಂಪನಿ ಕೆಲ ವರ್ಷಗಳ ಹಿಂದೆಯೇ ಉದ್ದ ಮಾಡಿ ಸರಿಪಡಿಸಿತ್ತು. ಆದರೆ ಪಾರ್ಟ್ ನಂಬರ್ ಬದಲಿಸಿರಲಿಲ್ಲ. ಹೀಗಾಗಿ ಹಳೆಯದೂ ಹೊಸದೂ ಒಂದೇ ಹೆಸರಿನಲ್ಲಿ ಓಡಾಡಿದವು; ದೋಷ ಎಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮೊಕದ್ದಮೆಯೊಂದಕ್ಕಾಗಿ ಒಬ್ಬ ಎಂಜಿನಿಯರ್ ಎರಡೂ ಸ್ವಿಚ್ಚುಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಮಿಲಿಮೀಟರು ಲೆಕ್ಕದ ಆ ವ್ಯತ್ಯಾಸ ಕಣ್ಣಿಗೆ ಬಿದ್ದದ್ದು. ಕಾರು ಮಾಲೀಕರಿಗೆ ಕಂಪನಿ ಕೊಟ್ಟ ತುರ್ತು ಸಲಹೆಯೂ ಅಷ್ಟೇ ಸರಳ: ರಿಪೇರಿ ಆಗುವವರೆಗೆ ಗೊಂಚಲಿನಿಂದ ಉಳಿದೆಲ್ಲ ತೆಗೆದು ಕೀಯನ್ನು ಒಂಟಿಯಾಗಿ ಬಳಸಿ.

ನನ್ನ ಗೊಂಚಲನ್ನು ತಕ್ಕಡಿಗೆ ಹಾಕುವಷ್ಟು ಧೈರ್ಯ ನನಗಿರಲಿಲ್ಲ. ಮನೆಯ ಮುಂಬಾಗಿಲಿನ ಎರಡು ಬೀಗದ ಕೈ, ಬೀರುವಿನದೊಂದು, ಸ್ಕೂಟರಿನದೊಂದು, ಧರ್ಮಸ್ಥಳದ ಹಿತ್ತಾಳೆ ಬಿಲ್ಲೆ, ಯಾರೋ ಕೊಟ್ಟ ಪುಟ್ಟ ಟಾರ್ಚು. ಪ್ರತಿ ಹಂಪಿಗೂ ಅದು ಗಡಿಯಾರದ ಲೋಲಕದಂತೆ ತೂಗಿ ಬ್ಯಾರೆಲನ್ನು ಜಗ್ಗುತ್ತಿತ್ತು. “ಇದು ಕೀ ಅಲ್ಲ ಸಾರ್, ದನದ ಗಂಟೆ” ಎಂದಿದ್ದರು ಮೇಸ್ತ್ರಿ.

ಅವರ ಅಂಗಡಿಗೆ ಬರುವ ಅರ್ಧ ಗಾಡಿಗಳಲ್ಲಿ ಕೆಟ್ಟ ಸ್ವಿಚ್ಚಿಗೆ ಇನ್ನೊಂದು ‘ಪರಿಹಾರ’ ಇರುತ್ತದಂತೆ: ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಕೂರಿಸಿದ ಹಾರ್ನ್ ಬಟನ್. ಅದನ್ನು ಒತ್ತಿದರೆ ಸೆಲ್ಫ್. ಅಂದಂದಿನ ಮಟ್ಟಿಗೆ ಗಾಡಿ ಏಳುತ್ತದೆ ನಿಜ. ಆದರೆ ಸುಡುತ್ತಿರುವ ಮೂಲ ಸ್ವಿಚ್ಚು ಮುಚ್ಚಳದೊಳಗೆ ಹಾಗೇ ಇರುತ್ತದೆ, ಫ್ಯೂಸಿಲ್ಲದ ಹೊಸ ತಂತಿಯೊಂದು ಕಬ್ಬಿಣದ ಅಂಚಿಗೆ ಉಜ್ಜುತ್ತಿರುತ್ತದೆ. ಇನ್ನು ಕೆಲವರದು ಪೆಟ್ರೋಲ್ ಉಳಿಸುವ ಚಾಳಿ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇಳಿಜಾರು ಸಿಕ್ಕಿತೆಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುತ್ತಾರೆ. ಎಂಜಿನ್ ಆರಿದರೆ ಬ್ರೇಕಿಗೆ ಸಿಗುವ ನಿರ್ವಾತದ ನೆರವು ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಸವೆದ ಬ್ಯಾರೆಲಿನಿಂದ ಕೀ ಜಾರಿ ಕೈಗೆ ಬಂದರೆ ಮುಂದಿನ ಹೇರ್‌ಪಿನ್ ತಿರುವಿನಲ್ಲಿ ಸ್ಟೇರಿಂಗೂ ಬಿಗಿದುಕೊಳ್ಳಬಹುದು. ಉಳಿಯುವ ಪೆಟ್ರೋಲು ಒಂದು ಲೋಟ. ಪಣಕ್ಕಿಟ್ಟದ್ದು ಒಂದು ಸಂಸಾರ.

ಇಗ್ನಿಷನ್ ಸ್ವಿಚ್ಚು ಸಾಮಾನ್ಯವಾಗಿ ಒಂದೇ ದಿನದಲ್ಲಿ ಸಾಯುವುದಿಲ್ಲ. ಮಿಣುಕುವ ದೀಪ, ಬಿಸಿಯಾಗುವ ಮುಚ್ಚಳ, ಎರಡನೇ ಸಲಕ್ಕೆ ಹೊಡೆಯುವ ಸೆಲ್ಫ್, ಸುಟ್ಟ ವಾಸನೆ: ತಿಂಗಳುಗಟ್ಟಲೆ ಮೊದಲೇ ಹೇಳಿಕಳಿಸುತ್ತದೆ. ನನ್ನದೂ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಎರಡು ತಿಂಗಳ ಹಿಂದೆ ಹಾಕಿಸಿದ ಬ್ಯಾಟರಿಯೂ ಬಹುಶಃ ದಂಡದ ಖರ್ಚೇ.

ನಿಮ್ಮ ಕಾರಿಗೆ ಹದಿನೈದು ವರ್ಷ ದಾಟಿದ್ದರೆ ಇಂದು ಸಂಜೆ ಒಂದು ಕೆಲಸ ಮಾಡಿ. ಕೀ ಆನ್ ಮಾಡಿ, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕಿದರೆ ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿ. ಮಿಣುಕದಿದ್ದರೂ ಸರಿ, ಮನೆಯ ಬೀಗದ ಕೈಗಳಿಗೆ ಬೇರೆ ಉಂಗುರ ಕೊಡಿಸಿ. ಕಾರಿನ ಕೀ ಒಂಟಿಯಾಗಿರಲಿ.